ಮನೆಗೊಂದು ಕ್ರಿಸ್ಮಸ್ ಮರ: ಮಗಳಿಗೆ ದೊಡ್ಡಮ್ಮನ ಕಿವಿಮಾತು

ಮಗಳೇ,

ಈ ವರ್ಷ ಮನೆಗೆ ಕ್ರಿಸ್ಮಸ್ ಟ್ರೀ ತರಬೇಕು, ಯಾವುದು ತರಲಿ ದೊಡ್ಡಮ್ಮ ಎಂದು ಕೇಳಿದ್ದೀಯ. ಅಳಿಯಂದಿರು ಫೋನಿನಲ್ಲಿ ನೋಡಿಟ್ಟ ಮೂರು ಮರಗಳ ಚಿತ್ರವನ್ನೂ ಕಳಿಸಿದ್ದೀಯ. ಒಂದು ಬಿಳಿ, ಒಂದು ಬೆಳ್ಳಿ ಬಣ್ಣದ್ದು, ಒಂದು ಹಸಿರು. ಚಿತ್ರದಲ್ಲಿ ಮೂರೂ ಚೆಂದವೇ. ಆದರೆ ಚಿತ್ರ ನೋಡಿ ಇಂಥದ್ದು ಎಂದು ಹೇಳಲು ನನಗೆ ಮನಸ್ಸಿಲ್ಲ. ಹೇಗೆ ಆರಿಸಬೇಕು ಎಂಬುದನ್ನೇ ಬರೆಯುತ್ತೇನೆ. ಈ ಡಿಸೆಂಬರ್ ಒಂದಕ್ಕೆ ಅಂತ ಮರ ಕೊಳ್ಳಬೇಡ. ಪಾಪು ಕಾಲೇಜಿಗೆ ಹೋಗುವವರೆಗೂ ಬಾಳುವ ಮರ ಕೊಂಡುಕೋ. ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ನಿಮ್ಮ ಅತ್ತೆಗೆ ಪ್ಲಾಸ್ಟಿಕ್ ಮರ ಅಂದರೆ ಅಷ್ಟು ಹಿಡಿಸುವುದಿಲ್ಲ ಎಂದೂ ಬರೆದಿದ್ದೀಯ. ಅವರ ಮಾತಿನಲ್ಲಿ ಅರ್ಥವಿದೆ. ಅವರ ಊರಿನ ಕಡೆ ಗಾಳಿಮರದ ಕೊಂಬೆ ಕಡಿದು ತಂದು, ಮಣ್ಣು ತುಂಬಿದ ಡಬ್ಬದಲ್ಲಿ ನೆಟ್ಟು, ಬಣ್ಣದ ಕಾಗದ ಕಟ್ಟುತ್ತಿದ್ದರು. ಆ ಹಸಿ ಕೊಂಬೆಯ ವಾಸನೆ ಕಾರ್ಖಾನೆಯ ಮರಕ್ಕೆ ಬರುವುದಿಲ್ಲ. ಆದರೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಆ ಕೊಂಬೆ ವಾರದೊಳಗೆ ಒಣಗುತ್ತದೆ. ಒಣಗಿದ ಗಾಳಿಮರಕ್ಕೆ ಸೀರಿಯಲ್ ಸೆಟ್ ಸುತ್ತುವುದು ಬೆಂಕಿಯ ಜೊತೆ ಸರಸ. ಅತ್ತೆಯವರಿಗೆ ಇನ್ನೊಂದು ಸಂಗತಿಯನ್ನೂ ಮೆಲ್ಲಗೆ ಹೇಳು. ಕೃತಕ ಮರ ನಿನ್ನೆ ಮೊನ್ನೆಯದಲ್ಲ. ಮರ ಸಿಂಗರಿಸುವ ಪದ್ಧತಿಯನ್ನು ಬೆಳೆಸಿದ ಜರ್ಮನಿಯಲ್ಲೇ 19ನೇ ಶತಮಾನದಲ್ಲಿ ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಕಟ್ಟಿ, ತಂತಿಗೆ ಸುತ್ತಿ ಮರ ಮಾಡುತ್ತಿದ್ದರು. ಹಬ್ಬಕ್ಕೆಂದು ಕಾಡಿನ ಎಳೆಯ ಮರಗಳನ್ನು ಕಡಿಯುವುದು ವಿಪರೀತವಾಯಿತು ಎಂಬ ಚಿಂತೆಯೇ ಅದಕ್ಕೆ ಕಾರಣ.

ಹಾಗೆಂದು ಪ್ಲಾಸ್ಟಿಕ್ ಮರ ತಂದರೆ ಕಾಡು ಉಳಿಯಿತು ಎಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಲೆಕ್ಕ ಹಾಕಿದ ಪ್ರಕಾರ ಎರಡು ಮೀಟರ್ ಎತ್ತರದ ಒಂದು ಕೃತಕ ಮರದ ಇಂಗಾಲದ ಹೊರೆ ಸುಮಾರು 40 ಕಿಲೋ. ಕಾರಣ ಅದರ ಪ್ಲಾಸ್ಟಿಕ್ಕು, ಕಬ್ಬಿಣ, ಅದು ಬಹುಪಾಲು ಚೀನಾದಿಂದ ಹಡಗೇರಿ ಬರುವ ದಾರಿ. ಹತ್ತು ವರ್ಷವಾದರೂ ಬಳಸಿದರೆ ಮಾತ್ರ ಅದು ನಿಜವಾದ ಮರಕ್ಕೆ ಸಮ ಎನ್ನುತ್ತಾರೆ ಅವರು. ಕೆನಡಾದ ಮಾಂಟ್ರಿಯಲ್‌ನಲ್ಲಿ 2009ರಲ್ಲಿ ನಡೆದ ಒಂದು ಅಧ್ಯಯನ ಇಪ್ಪತ್ತು ವರ್ಷ ಬೇಕೆಂದಿತು. ಎರಡು ವರ್ಷಕ್ಕೆ ಉದುರಿ ಕಸದ ಗಾಡಿ ಸೇರುವ ಅಗ್ಗದ ಮರ ದುಡ್ಡಿಗೂ ದಂಡ, ಭೂಮಿಗೂ ದಂಡ. ತಂತಿ, ಪ್ಲಾಸ್ಟಿಕ್ ಎರಡೂ ಹೆಣೆದುಕೊಂಡಿರುವುದರಿಂದ ಗುಜರಿಯವರಿಗೂ ಅದನ್ನು ಬಿಡಿಸುವುದು ಕಷ್ಟ.

ಇನ್ನು ಅಳತೆ. ಅಂಗಡಿಗೆ ಹೋಗುವ ಮೊದಲು ಹಾಲ್‌ನಲ್ಲಿ ಮರ ನಿಲ್ಲುವ ಜಾಗ ಗೊತ್ತು ಮಾಡಿಕೋ. ಎಲ್ಲರೂ ಸೂರಿನ ಎತ್ತರ ನೋಡುತ್ತಾರೆ, ಫ್ಯಾನನ್ನು ಮರೆಯುತ್ತಾರೆ. ಫ್ಯಾನಿನ ರೆಕ್ಕೆ ಸುತ್ತುವ ವೃತ್ತದ ಕೆಳಗೆ ಮರ ಬರಲೇಬಾರದು. ಗಾಳಿಗೆ ತೋರಣ ಬಿಚ್ಚಿ ಹಾರುತ್ತದೆ, ಹಗುರವಾದ ಮರವಾದರೆ ಓಲಾಡುತ್ತದೆ. ಮರದ ಎತ್ತರ ಅಂದರೆ ಪೆಟ್ಟಿಗೆಯ ಮೇಲೆ ಬರೆದದ್ದಷ್ಟೇ ಅಲ್ಲ, ಅದರ ಮೇಲೆ ನಕ್ಷತ್ರ ಕೂರಬೇಕು, ಮುಕ್ಕಾಲು ಅಡಿ ಅದಕ್ಕೇ ಹೋಯಿತು. ಎತ್ತರಕ್ಕಿಂತಲೂ ಜನ ಎಡವುವುದು ಅಗಲದಲ್ಲಿ. ಆರಡಿಯ ತುಂಬು ಮರ ಬುಡದಲ್ಲಿ ಮೂರೂವರೆ, ನಾಲ್ಕು ಅಡಿ ಹರಡಿಕೊಳ್ಳುತ್ತದೆ. ನಿಮ್ಮ ಹಾಲ್‌ನಲ್ಲಿ ಸೋಫಾ, ಟಿವಿ, ಪಾಪುವಿನ ಸೈಕಲ್ಲು ಎಲ್ಲ ಇದ್ದಮೇಲೆ ಅಷ್ಟು ಜಾಗ ಎಲ್ಲಿದೆ? ನೆಲದ ಮೇಲೆ ಹಳೇ ಪೇಪರ್ ಹಾಸಿ ಆ ಅಗಲದ ವೃತ್ತ ಮಾಡಿ ಒಂದು ದಿನ ಬಿಟ್ಟುಬಿಡು. ಅಡುಗೆಮನೆಗೆ ಓಡಾಡುವಾಗ ಎಷ್ಟು ಸಲ ಅದನ್ನು ತುಳಿಯುತ್ತೀಯ ನೋಡು, ಆಗ ಗೊತ್ತಾಗುತ್ತದೆ. ಚಿಕ್ಕ ಮನೆಗೆ ‘ಸ್ಲಿಮ್’ ಎಂದು ಮಾರುವ ಕಡಿಮೆ ಅಗಲದ ಮರ ಬರುತ್ತದೆ. ನನ್ನ ಮಟ್ಟಿಗೆ ನಿಮಗೆ ಐದಡಿಯ ಸ್ಲಿಮ್ ಮರ ಸಾಕು.

ಮರದ ಗುಣ ಇರುವುದು ಎಲೆಯಲ್ಲಿ. ಎಲೆ ಎರಡು ಬಗೆ. ಒಂದು ಪಿವಿಸಿ. ತೆಳ್ಳಗಿನ ಹಾಳೆಯನ್ನು ಸಣ್ಣಗೆ ಸೀಳಿ, ಎರಡು ತಂತಿಯ ನಡುವೆ ಇಟ್ಟು ತಿರುಚುತ್ತಾರೆ, ನಾವು ಹಾಲಿನ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ. 1930ರ ದಶಕದಲ್ಲಿ ಅಡಿಸ್ ಎಂಬ ಬ್ರಷ್ ಕಂಪನಿಯೇ ತನ್ನ ಬ್ರಷ್ ಯಂತ್ರದಲ್ಲಿ ಇಂಥ ಮರ ಮಾಡಲು ಶುರುಮಾಡಿತು ಎನ್ನುತ್ತಾರೆ. ಇನ್ನೊಂದು ಪಿಇ, ಅಂದರೆ ಪಾಲಿಎಥಿಲೀನ್. ಇದನ್ನು ಕರಗಿಸಿ ಅಚ್ಚಿಗೆ ಹಾಕಿ ಎಲೆ ತೆಗೆಯುತ್ತಾರೆ. ಆದ್ದರಿಂದ ಒಂದೊಂದು ಸೂಜಿಯೆಲೆಗೂ ದಪ್ಪವಿರುತ್ತದೆ, ನಿಜವಾದ ಕೊಂಬೆಯ ಹಾಗೆ ಕಾಣುತ್ತದೆ, ಸುಲಭವಾಗಿ ಉದುರುವುದಿಲ್ಲ. ಬೆಲೆ ಮಾತ್ರ ಪಿವಿಸಿಯ ಎರಡು ಮೂರು ಪಟ್ಟು. ಪೂರ್ತಿ ಪಿಇ ಮರವೇ ಬೇಕೆಂದು ನಾನು ಹೇಳುವುದಿಲ್ಲ. ಹೊರಗೆ ಕಾಣುವ ತುದಿಗಳಿಗೆ ಪಿಇ, ಒಳಗೆ ಕಾಂಡದ ಹತ್ತಿರ ಪಿವಿಸಿ ಹಾಕಿದ ಮಿಶ್ರ ಮರಗಳು ಬರುತ್ತವೆ. ಕೊಡುವ ದುಡ್ಡಿಗೆ ಅದೇ ಸರಿಯಾದ ಸಾಮಾನು. ಅದೂ ಕೈಗೆಟುಕದಿದ್ದರೆ ಒಳ್ಳೆಯ ದಪ್ಪ ಪಿವಿಸಿ ತಗೋ, ತಪ್ಪೇನಿಲ್ಲ.

ಅದು ದಪ್ಪವೋ ತೆಳುವೋ ಎಂದು ತಿಳಿಯಲು ಕಣ್ಣಿಗಿಂತ ಕೈ ಮೇಲು. ಅದಕ್ಕೇ ಮೊದಲ ಮರವನ್ನು ಅಂಗಡಿಗೆ ಹೋಗಿಯೇ ಕೊಳ್ಳು ಅನ್ನುವುದು. ಒಂದು ಕೊಂಬೆಯನ್ನು ತುದಿಯಿಂದ ಬುಡದ ಕಡೆಗೆ ಅಂಗೈಯಲ್ಲಿ ಸವರು. ಕೈಗೆ ಹಸಿರು ಚೂರು ಬಂದರೆ ಆ ಮರ ಬೇಡ. ಕೊಂಬೆ ಬಗ್ಗಿಸಿ ಬಿಡು, ಬಗ್ಗಿಸಿದಲ್ಲೇ ನಿಲ್ಲಬೇಕು. ಅಂಗಡಿಯಲ್ಲೇ ಇರುವ ಗಾಜಿನ ಗುಂಡೊಂದನ್ನು ತುದಿಗೆ ನೇತುಹಾಕಿ ನೋಡು, ಕೊಂಬೆ ತಲೆ ಬಾಗಿಸಿದರೆ ಒಳಗಿನ ತಂತಿ ತೆಳು ಎಂದು ತಿಳಿ. ಹತ್ತಿರದಿಂದ ಮೂಸು. ಮೂಗಿಗೆ ಹೊಡೆಯುವ ರಾಸಾಯನಿಕದ ವಾಸನೆ ಇದ್ದರೆ, ಚಿಕ್ಕ ಮಗು ಇರುವ ಮನೆಗೆ ಅದು ಬರಬಾರದು. ಪಿವಿಸಿ ಗಟ್ಟಿಯಾಗಿ ಉಳಿಯಲೆಂದು ಹಿಂದೆ ಸೀಸದ ಅಂಶ ಸೇರಿಸುವುದಿತ್ತು. ಅಂಥ ಮರ ಹಳತಾದಂತೆ ಪುಡಿಯಾಗಿ ಧೂಳಿನ ಜೊತೆ ಸೀಸವೂ ಬೀಳುತ್ತದೆ. ಆದ್ದರಿಂದ ಯಾರೋ ಕೊಡುವ ಹಳೇ ಮರವನ್ನು ಪ್ರೀತಿಗೆಂದು ಇಸಿದುಕೊಳ್ಳಬೇಡ. ಹೊಸ ಮರ ಜೋಡಿಸಿದ ಮೇಲೂ ಕೈ ತೊಳೆದೇ ಮಗುವನ್ನು ಎತ್ತಿಕೋ.

ಪೆಟ್ಟಿಗೆಯ ಮೇಲೆ ‘ಟಿಪ್ಸ್’ ಎಂದು ಒಂದು ಸಂಖ್ಯೆ ಇರುತ್ತದೆ. ಅದು ರೆಂಬೆ ತುದಿಗಳ ಲೆಕ್ಕ. ಹೆಚ್ಚಿದ್ದಷ್ಟೂ ಮರ ದಟ್ಟ. ಆರಡಿಗೆ 300 ಅಂದರೆ ನಡುವಿನ ಕಂಬ ಕಾಣುವ ಬೋಳು ಮರ, 600ಕ್ಕಿಂತ ಮೇಲಿದ್ದರೆ ಚೆನ್ನ. ಆದರೆ ತುದಿಯ ಲೆಕ್ಕ ದೊಡ್ಡದಾಗಿ ಬರೆದು ತೆಳು ಎಲೆ ಹಾಕುವವರೂ ಇದ್ದಾರೆ. ಆದ್ದರಿಂದ ತೂಕವನ್ನೂ ಕೇಳು. ಒಂದೇ ಎತ್ತರದ ಎರಡು ಮರದಲ್ಲಿ ಭಾರವಾದದ್ದರಲ್ಲಿ ಕಬ್ಬಿಣವೂ ಎಲೆಯೂ ಹೆಚ್ಚು. ಕೊಂಬೆಗಳು ಕಂಬಕ್ಕೆ ಕೀಲಿನಿಂದ ಕೂಡಿರಬೇಕು, ಕೊಡೆಯಂತೆ ಬಿಡಿಸಿದರೆ ಕೆಲಸ ಮುಗಿಯಬೇಕು. ಒಂದೊಂದು ಕೊಂಬೆಯನ್ನೂ ಕೊಕ್ಕೆಗೆ ಸಿಕ್ಕಿಸುವ ಮರ ಅಗ್ಗ, ಆದರೆ ಕೆಲಸದಿಂದ ಬಂದು ಮಗು ನೋಡಿಕೊಂಡು ಅದನ್ನು ಜೋಡಿಸುವ ತಾಳ್ಮೆ ಪ್ರತಿ ವರ್ಷವೂ ಇರುವುದಿಲ್ಲ. ನಾಲ್ಕನೆಯ ವರ್ಷಕ್ಕೆ ಮರ ಅಟ್ಟದಲ್ಲೇ ಉಳಿಯುತ್ತದೆ.

ಕಾಲು ಮಾತ್ರ ಕಬ್ಬಿಣದ್ದೇ ಇರಲಿ. ಪ್ಲಾಸ್ಟಿಕ್ ಕಾಲಿನ ಮರ ಟೈಲ್ಸ್ ನೆಲದ ಮೇಲೆ ಜಾರುತ್ತದೆ. ಪಾಪು ಈಗ ಹಿಡಿದು ನಿಲ್ಲುವ ವಯಸ್ಸು, ಕೈಗೆ ಸಿಕ್ಕಿದ ಮೊದಲ ಕೊಂಬೆಯನ್ನೇ ಎಳೆಯುತ್ತಾನೆ. ಮರದ ನಡುಗಂಬಕ್ಕೆ ಗಟ್ಟಿ ನೈಲಾನ್ ದಾರ ಕಟ್ಟಿ ಕಿಟಕಿಯ ಸರಳಿಗೆ ಬಿಗಿ, ಯಾರಿಗೂ ಕಾಣುವುದಿಲ್ಲ. ಕೆಳಗಿನ ಕೊಂಬೆಗಳಿಗೆ ಬಟ್ಟೆಯ, ಮರದ ಗೊಂಬೆ ಕಟ್ಟು. ಚನ್ನಪಟ್ಟಣದ ಬಣ್ಣದ ಗೊಂಬೆಗಳು ಅಲ್ಲಿಗೆ ಎಷ್ಟು ಒಪ್ಪುತ್ತವೆ! ಗಾಜಿನದೆಲ್ಲ ಮೇಲಕ್ಕೆ ಹೋಗಲಿ. ಮಿಣುಕುವ ಪುಟ್ಟ ಅಲಂಕಾರಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ಅದನ್ನು ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಅಂಥದ್ದನ್ನು ಮನೆಗೇ ತರಬೇಡ.

ದೀಪದ ವಿಷಯ. ಮೊದಲೆಲ್ಲ ಮರಕ್ಕೆ ಮೇಣದಬತ್ತಿ ಹಚ್ಚುತ್ತಿದ್ದರು. ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ವಿದ್ಯುತ್ ಬಲ್ಬು ಕಟ್ಟಿದ ಮೇಲೆ ಆ ಅಪಾಯ ಕಡಿಮೆಯಾಗುತ್ತ ಬಂತು. ಈಗ ಅಂಗಡಿಯಲ್ಲಿ ಬಲ್ಬು ಕೂಡಿಸಿಯೇ ಬರುವ ಮರಗಳಿವೆ, ಅಳಿಯಂದಿರ ಹಸಿರು ಮರ ಅಂಥದ್ದೇ. ನಾನಾದರೆ ಬೇಡ ಅನ್ನುತ್ತೇನೆ. ಮರ ಇಪ್ಪತ್ತು ವರ್ಷ ಬಾಳಿದರೂ ದೀಪದ ಸರ ಅಷ್ಟು ಬಾಳುವುದಿಲ್ಲ. ಕೆಟ್ಟ ಸರವನ್ನು ಕೊಂಬೆಕೊಂಬೆಯಿಂದ ಬಿಡಿಸುವುದು ಯಾರಿಗೆ ಬೇಕು? ಬರಿ ಮರ ತಂದು ಎಲ್‌ಇಡಿ ಸೀರಿಯಲ್ ಸೆಟ್ ಬೇರೆ ಕೊಳ್ಳು. ಅದರ ಮೇಲೆ ಬಿಐಎಸ್ ಗುರುತು ಇರಲಿ. ಬಿಡಿ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಅಭ್ಯಾಸ ನಿಮ್ಮ ಮನೆಯಲ್ಲಿ ಬರಬಾರದು. ಮಲಗುವಾಗಲೂ, ಪೂಜೆಗೆಂದು ಚರ್ಚಿಗೆ ಹೊರಟಾಗಲೂ ಸ್ವಿಚ್ ಆರಿಸು. ‘ಬೆಂಕಿ ತಗಲುವುದಿಲ್ಲ’ ಎಂದು ಬರೆದ ಮರವೂ ಬೆಂಕಿಯನ್ನು ತಡೆದು ನಿಧಾನ ಮಾಡುತ್ತದೆ ಅಷ್ಟೇ. ಪಿವಿಸಿ ಸುಟ್ಟರೆ ಏಳುವ ಹೊಗೆಯಲ್ಲಿ ಶ್ವಾಸಕೋಶ ಸುಡುವ ಆಮ್ಲದ ಅನಿಲವಿರುತ್ತದೆ.

ಬಿಳಿ ಮರ ಮೊದಲೆರಡು ವರ್ಷ ಅಂದ, ಆಮೇಲೆ ಹಳದಿ ತಿರುಗುತ್ತದೆ. ಹಿಮ ಸುರಿದಂತೆ ಬಿಳಿ ಪುಡಿ ಅಂಟಿಸಿದ್ದು ಇನ್ನೂ ಬೇಡ, ಪುಡಿ ನೆಲಕ್ಕೆ ಬಿದ್ದು ಮಗುವಿನ ಬಾಯಿಗೆ ಹೋಗುತ್ತದೆ. ಬೆಳ್ಳಿ ಬಣ್ಣದ ಮರ ಅಮೆರಿಕದಲ್ಲಿ 1960ರ ಆಸುಪಾಸಿನಲ್ಲಿ ಬಹಳ ನಡೆಯಿತು. ಅದು ಅಪ್ಪಟ ಅಲ್ಯುಮಿನಿಯಮ್. ಕರೆಂಟ್ ಹೊಡೆಯುವ ಭಯಕ್ಕೆ ಅದಕ್ಕೆ ಬಲ್ಬು ಕಟ್ಟುವಂತಿರಲಿಲ್ಲ, ಕೆಳಗಿನಿಂದ ಬಣ್ಣದ ಬೆಳಕು ಬಿಡುತ್ತಿದ್ದರು. ಆ ಗೀಳು ಕೆಲವೇ ವರ್ಷಕ್ಕೆ ಇಳಿಯಿತು. ಹಸಿರೇ ಬೇಸರ ಬಾರದ ಬಣ್ಣ, ಮಗಳೇ.

ಒಂದು ಮಾತು ಮನಸ್ಸಿಟ್ಟು ಕೇಳು. ಮರಕ್ಕೆ ಜಾಗ ಮಾಡುವ ಭರದಲ್ಲಿ ಗೋದಲಿಯನ್ನು ಮೂಲೆಗೆ ತಳ್ಳಬೇಡ. ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ 1223ರಲ್ಲಿ ಕ್ರಿಸ್ತಜಯಂತಿಗೆ ಗೋದಲಿ ಕಟ್ಟಿದರು. ಮರವಾದರೋ ವ್ಯಾಟಿಕನ್ನಿನ ಸಂತ ಪೇತ್ರರ ಚೌಕಕ್ಕೇ ಬಂದದ್ದು 1982ರಲ್ಲಿ, ಎರಡನೆಯ ಜಾನ್ ಪಾಲರ ಕಾಲದಲ್ಲಿ. ನಮ್ಮ ಮನೆಗಳಲ್ಲಿ ಹಬ್ಬ ನಿಂತಿರುವುದು ಗೋದಲಿಯ ಮೇಲೆ. ಆದ್ದರಿಂದ ಮರ ಆರಿಸುವಾಗ ಕೆಳಗಿನ ಕೊಂಬೆ ನೆಲದಿಂದ ಎಷ್ಟು ಮೇಲಿದೆ ನೋಡು. ಒಂದೂವರೆ ಅಡಿಯಾದರೂ ಬಿಡುವಿದ್ದರೆ ಗುಡಿಸಲು ಮರದಡಿಯಲ್ಲೇ ಕೂರುತ್ತದೆ. ಇಲ್ಲದಿದ್ದರೆ ಪಕ್ಕದಲ್ಲಿ ಪುಟ್ಟ ಮೇಜಿಗೆ ಜಾಗ ಉಳಿಸಿಕೋ. ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿ ಬೆಳೆಸಿದ ಹುಲ್ಲನ್ನು ಅಲ್ಲಿ ಹರಡುವಾಗ ನೀರು ಮರದ ಪ್ಲಗ್ಗಿನ ಕಡೆ ಹರಿಯದ ಹಾಗೆ ನೋಡಿಕೋ. ಹುಲ್ಲು ಹಾಕುವುದು, ಕುರಿಮರಿ ನಿಲ್ಲಿಸುವುದು ಪಾಪುವಿನ ಕೈಯಿಂದಲೇ ಆಗಲಿ.

ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಮರ ಬಿಚ್ಚುವಾಗ ಆತುರ ಮಾಡಬೇಡ. ಇಪ್ಪತ್ತು ವರ್ಷದ ಆಯುಷ್ಯ ನಿಜವಾಗಿ ನಿರ್ಧಾರವಾಗುವುದು ಆ ದಿನ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಕೊಂಬೆಗಳನ್ನು ಮೇಲ್ಮುಖವಾಗಿ ಮಡಚಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತು. ಬಂದ ರಟ್ಟಿನ ಪೆಟ್ಟಿಗೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಜಿರಳೆಗೂ ಗೆದ್ದಲಿಗೂ ಮನೆಯಾಗುತ್ತದೆ. ಜಿಪ್ ಇರುವ ಬಟ್ಟೆಯ ಚೀಲವೇ ಒಳ್ಳೆಯದು. ತೇವಕ್ಕೆ ತಂತಿ ತುಕ್ಕು ಹಿಡಿದರೆ ಕೀಲು ಮುರಿಯುತ್ತದೆ, ಮರ ಹಾಳಾಗುವುದೇ ಹೆಚ್ಚಾಗಿ ಹೀಗೆ. ನಮ್ಮ ಕರಾವಳಿಯ ನೆಂಟರಿಗಂತೂ ಇದನ್ನು ಎರಡು ಸಲ ಹೇಳಬೇಕು.

ಇಷ್ಟೆಲ್ಲ ಓದಿ ಪ್ಲಾಸ್ಟಿಕ್ಕೇ ಬೇಡ ಅನ್ನಿಸಿದರೆ ನರ್ಸರಿಯಲ್ಲಿ ಕುಂಡದ ಅರಾಕೇರಿಯಾ ಸಿಗುತ್ತದೆ, ಕ್ರಿಸ್ಮಸ್ ಟ್ರೀ ಅಂತಲೇ ಕೊಡುತ್ತಾರೆ. ಬಿಸಿಲು ಬರುವ ಬಾಲ್ಕನಿ ಬೇಕು, ನೀರು ಹದವಾಗಿರಬೇಕು. ಅದರ ಕೊಂಬೆ ಭಾರ ಹೊರುವುದಿಲ್ಲ, ಕಾಗದದ ನಕ್ಷತ್ರ ಸಾಕು. ಕಾಂಪೌಂಡಿನ ಪಕ್ಕ ಮಾತ್ರ ನೆಡಬೇಡಿ. ಲಾಲ್‌ಬಾಗಿನಲ್ಲಿ ಅದು ಎಷ್ಟೆತ್ತರ ಬೆಳೆದಿದೆ ಎಂದು ಒಮ್ಮೆ ಹೋಗಿ ನೋಡಿ ಬನ್ನಿ.

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಅದಕ್ಕೆ ಮೊದಲೇ, ವಾರದ ನಡುವಿನ ಒಂದು ದಿನ ಶಿವಾಜಿನಗರದ ಕಡೆ ಹೋಗಿ ಬನ್ನಿ. ಡಿಸೆಂಬರ್ ಇಪ್ಪತ್ತರ ಹೊತ್ತಿಗೆ ಒಳ್ಳೆಯವು ಹೋಗಿ ಉಳಿಕೆ ಮಾಲು ಮಾತ್ರ ಇರುತ್ತದೆ, ಬೆಲೆಯೂ ಏರಿರುತ್ತದೆ. ಅಂಗಡಿಯವರಿಂದ ಬಿಲ್ಲು ಕೇಳಿ ತಗೋ, ಮರವನ್ನು ಅಲ್ಲೇ ಪೂರ್ತಿ ಬಿಡಿಸಿ ತೋರಿಸಲು ಹೇಳು. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗು, ಕೊಂಬೆ ಸವರಿ ನೋಡುವ ಕೆಲಸ ಅವರಿಗೇ ಬಿಡು.