ಹಾಲಿನ ಚೀಟಿಯಂತೆ ಕಂಪನಿಯ ಬೇಡಿಕೆಯೂ ಬಯಲಿಗಿರಲಿ



ಬಿರುಬೇಸಿಗೆಯಲ್ಲಿ ಮಿಶ್ರತಳಿ ಹಸು ಏದುಸಿರು ಬಿಡುತ್ತಾ ಮೇವು ಕಡಿಮೆ ತಿಂದು ಹಾಲು ಇಳಿಸುವುದನ್ನು ನೀವು ಕಂಡಿದ್ದೀರಿ. ಕೊಟ್ಟಿಗೆಗೆ ನೆರಳು, ಕುಡಿಯಲು ತಣ್ಣೀರು ಒದಗಿಸುವುದು ನಿಮ್ಮ ಕೈಯಲ್ಲಿದೆ. ಆದರೆ ಗಾಳಿ, ನೀರು, ಕಾಡು, ಕಲ್ಲಿದ್ದಲ ಹೊಗೆ ಕುರಿತ ನಿಯಮಗಳು ರೂಪುಗೊಳ್ಳುವುದು ಬೆಂಗಳೂರು, ದೆಹಲಿಗಳಲ್ಲಿ. ಅಲ್ಲಿ ಕಂಪನಿಗಳು ತಮಗೆ ಅನುಕೂಲವಾದ ನಿಯಮಕ್ಕಾಗಿ ಸರ್ಕಾರದ ಮೇಲೆ ಒತ್ತಡ ತರುತ್ತವೆ. ಇದನ್ನೇ ಲಾಬಿ ಎನ್ನುತ್ತಾರೆ.

ಕೇಳುವುದು ತಪ್ಪಲ್ಲ. ಹಾಲಿನ ದರ, ಪ್ರೋತ್ಸಾಹಧನಕ್ಕಾಗಿ ನಾವೂ ಕೇಳುತ್ತೇವೆ. ಯಾರು, ಯಾರನ್ನು, ಏನು ಕೇಳಿದರೆಂಬುದು ಗುಟ್ಟಾಗಿ ಉಳಿಯುವುದು ತಪ್ಪು. ಜಿಡ್ಡಿನಾಂಶದ ಚೀಟಿ ಇಲ್ಲದೆ ಸಂಘದವರು ಹಣ ಬಟವಾಡೆ ಮಾಡಿದರೆ ನೀವು ಒಪ್ಪುತ್ತೀರಾ?

ಲೆಕ್ಕ ಬಯಲಾದರೆ ಏನಾಗುತ್ತದೆ ಎಂಬುದನ್ನು ಸಂಡೂರು ಸೀಮೆ ಕಂಡಿದೆ. ಅದಿರು ಸಾಗಣೆಯ ಪರವಾನಗಿಗಳನ್ನೂ ಬಂದರಿನ ರಫ್ತು ಲೆಕ್ಕವನ್ನೂ ತಾಳೆ ನೋಡಿದ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ವರದಿ ಸಲ್ಲಿಸಿದರು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರಂದು ‘ಸಿ’ ವರ್ಗದ ಗಣಿ ಗುತ್ತಿಗೆಗಳನ್ನು ರದ್ದುಪಡಿಸಿತು.

ಅಮೆರಿಕದಲ್ಲಿ 1995ರ ಕಾನೂನಿನಂತೆ ಲಾಬಿ ಮಾಡುವವರು ನೋಂದಾಯಿಸಿಕೊಳ್ಳಬೇಕು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಆದರೂ ಮೂರು ದಾರಿಗಳಿವೆ.

1. ಸಾರ್ವಜನಿಕ ಅಹವಾಲು ಸಭೆ: 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಗಣಿ, ಕಾರ್ಖಾನೆಗಳ ವಿಷಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಈ ಸಭೆ ನಡೆಸುತ್ತದೆ. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಕೊನೆಯಲ್ಲಿ ನಡವಳಿಯನ್ನು ಸಭಿಕರಿಗೆ ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕು. 2020ರಲ್ಲಿ ಈ ನೋಟಿಸ್ ಅವಧಿಯನ್ನು 20 ದಿನಕ್ಕೆ ಇಳಿಸುವ ಕರಡು ಬಂದಿತ್ತು. ಆ ಕರಡು ಕನ್ನಡ ಮುಂತಾದ ಭಾಷೆಗಳಲ್ಲೂ ಜನರಿಗೆ ಸಿಗಬೇಕೆಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು.

2. ಮಾಹಿತಿ ಹಕ್ಕು: 2005ರ ಕಾಯ್ದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ, ಕಂಪನಿಯಿಂದ ಸರ್ಕಾರಿ ಕಚೇರಿಗೆ ಬಂದ ಪತ್ರಗಳ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ವ್ಯಾಪಾರದ ಗುಟ್ಟೆಂದು ನಿರಾಕರಿಸಿದರೆ ಸಾರ್ವಜನಿಕ ಹಿತವನ್ನು ಮುಂದಿಟ್ಟು ಮೇಲ್ಮನವಿ ಸಲ್ಲಿಸಬಹುದು.

3. ಕಂಪನಿಯ ವಾರ್ಷಿಕ ವರದಿ: ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಹೊಣೆಗಾರಿಕೆಯ ವರದಿಯನ್ನೂ ಕೊಡಬೇಕೆಂಬುದು ಸೆಬಿಯ ನಿಯಮ. ಅದರ 7ನೇ ತತ್ತ್ವ ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವುದಕ್ಕೆ ಸಂಬಂಧಿಸಿದ್ದು. ಕಂಪನಿ ಯಾವ ಉದ್ಯಮ ಸಂಘಗಳ ಸದಸ್ಯ ಎಂಬುದನ್ನು ತಿಳಿಸಲೇಬೇಕು. ಯಾವ ನೀತಿಗಾಗಿ ವಾದಿಸಿತು ಎಂಬುದನ್ನು ತಿಳಿಸುವುದು ಮಾತ್ರ ಅದರ ಇಚ್ಛೆಗೆ ಬಿಟ್ಟದ್ದು. ಕೊರತೆ ಇರುವುದು ಇಲ್ಲಿಯೇ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್, ದೋಣಿಮಲೆಯ ಎನ್‌ಎಂಡಿಸಿ ಎರಡೂ ಈ ನಿಯಮಕ್ಕೆ ಒಳಪಟ್ಟಿವೆ. ಓದು ಬಲ್ಲ ಮಕ್ಕಳಿಂದ ಆ ಪುಟಗಳನ್ನು ಓದಿಸಿ ಕೇಳಿರಿ.

ಗಣಿ ಸಂಡೂರಿನದು, ನಮಗೇನು ಎಂದು ಹೊಸಪೇಟೆ, ಹಂಪಿ, ಕಂಪ್ಲಿಯ ಸದಸ್ಯರು ಸುಮ್ಮನಿರಬಾರದು. ಸೆಖೆಗೂ ಮಳೆಗೂ ತಾಲ್ಲೂಕಿನ ಗಡಿ ಇಲ್ಲ.

ಅಹವಾಲು ಸಭೆಗೆ ಬರಿಗೈಯಲ್ಲಿ ಹೋಗಬೇಡಿ. ಊರಿನ ದನಗಳ ಸಂಖ್ಯೆ, ಗೋಮಾಳದ ವಿಸ್ತೀರ್ಣ, ನೀರಿನ ಮೂಲ, ತಿಂಗಳವಾರು ಹಾಲಿನ ಲೆಕ್ಕ ಬರೆದುಕೊಂಡು ಹೋಗಿರಿ. ಸಂಘದ ಸರ್ವ ಸದಸ್ಯರ ಸಭೆಯಲ್ಲಿ ಠರಾವು ಮಾಡಿ ಅದನ್ನು ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಕೂಗಾಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದುಕೊಟ್ಟ ಲೆಕ್ಕ ಕಡತದಲ್ಲಿ ಉಳಿಯುತ್ತದೆ.