ರುಚಿ ನೋಡುವುದೋ, ಲೆಕ್ಕ ತುಂಬಿಸುವುದೋ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಹಾಸನ ಜಿಲ್ಲೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ. ಒಂದೂವರೆ ವರ್ಷದ ಹಿಂದೆ ಇಂದಿರಾನಗರದ ಮೈಕ್ರೊಬ್ರೂವರಿಯೊಂದರಲ್ಲಿ ಗೆಳೆಯರ ಜೊತೆ ಕೂತಿದ್ದಾಗ ನನಗೆ ನಾನೇ ಒಂದು ಪಂಥ ಹಾಕಿಕೊಂಡೆ. 35 ತುಂಬುವಷ್ಟರಲ್ಲಿ 200 ಬಗೆಯ ಬಿಯರ್ ರುಚಿ ನೋಡಬೇಕು, ಪ್ರತಿಯೊಂದಕ್ಕೂ ಐದಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಒಮ್ಮೆ ಕುಡಿದದ್ದು ಮತ್ತೆ ಲೆಕ್ಕಕ್ಕಿಲ್ಲ. ಇದಕ್ಕಾಗಿಯೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮ್ಯೂನಿಕ್‌ನಲ್ಲಿರುವ ಭಾವ ಊರಿಗೆ ಬರುವಾಗ ಎರಡು ಮೂರು ಬಾಟಲಿ ತರುತ್ತಾರೆ. ಈಗ 143 ಆಗಿದೆ. ಹುಟ್ಟುಹಬ್ಬಕ್ಕೆ ಇನ್ನು ನಾಲ್ಕು ತಿಂಗಳು.

ಹೋದ ತಿಂಗಳು ಅಮ್ಮ ಬಂದಿದ್ದರು. ಗುಜರಿಯವನಿಗೆ ಕೊಡಲು ಬಾಲ್ಕನಿಯಲ್ಲಿ ಇಟ್ಟಿದ್ದ ಖಾಲಿ ಬಾಟಲಿಗಳ ಚೀಲ ಅವರ ಕಣ್ಣಿಗೆ ಬಿತ್ತು. “ಏನೋ ಇದು, ಕುಡಿಯೋದು ಕಲ್ತ್ಯಾ?” ಅಂದರು. “ಇಲ್ಲಮ್ಮ, ಬರೀ ರುಚಿ ನೋಡೋದು” ಅಂದೆ. ಅಮ್ಮ ಮರುಮಾತಾಡಲಿಲ್ಲ. ಇನ್ನೂ ಎರಡು ದಿನ ಇರಬೇಕಿದ್ದವರು ಮಾರನೇ ದಿನವೇ ಬಸ್ಸು ಹತ್ತಿದರು. ನಮ್ಮ ಚಿಕ್ಕಪ್ಪ ಸಾರಾಯಿಯಿಂದಲೇ ಹೋದವರು. ಹೆಂಡತಿ ಜಗಳ ಆಡುವುದಿಲ್ಲ. “ಈ ಪಟ್ಟಿ ಮುಗಿದ ಮೇಲೆ ಇನ್ನೊಂದು ಪಟ್ಟಿನಾ?” ಎಂದು ಒಮ್ಮೆ ಕೇಳಿದಳು, ಅಷ್ಟಕ್ಕೇ ರೇಗಿಬಿಟ್ಟೆ. ನಾನು ತೂರಾಡಿಕೊಂಡು ಮನೆಗೆ ಬಂದವನಲ್ಲ. ಸ್ಕೂಟರ್ ನಾನೇ ಓಡಿಸಿಕೊಂಡು ಬರುತ್ತೇನೆ. ಇದು ಹವ್ಯಾಸವೋ, ಚಟವೋ? ಇಷ್ಟು ದೂರ ಬಂದು ನಿಲ್ಲಿಸಬೇಕೆ? ನೋಟ್‌ಬುಕ್ಕಿನ ಕೆಲವು ಪುಟಗಳ ಫೋಟೊ ಜೊತೆಗಿದೆ.
— ಹೆಸರು ಬೇಡ, ಬೆಂಗಳೂರು

ಉತ್ತರ: ಪತ್ರಕ್ಕಿಂತ ಆ ಪುಟಗಳನ್ನು ಕಳಿಸಿದ್ದು ಒಳ್ಳೆಯದಾಯಿತು. ಅವನ್ನು ಎರಡು ಸಲ ಓದಿದೆ.

ಏಳನೇ ಬಿಯರ್‌ಗೆ ನೀವು ಅರ್ಧ ಪುಟ ಬರೆದಿದ್ದೀರಿ. ಗೋಧಿ ಬಿಯರ್, ಮೋಡ ಕವಿದಂಥ ಬಣ್ಣ, ಮೂಗಿಗೆ ಹಿಡಿದರೆ ಕಳಿತ ಏಲಕ್ಕಿ ಬಾಳೆ, ನುಂಗಿದ ಮೇಲೆ ಲವಂಗ, “ಬಾಳೆಹಣ್ಣು ಹಾಕಿದ್ದಾರಾ ಅಂತ ಕೇಳಿದೆ, ಇಲ್ಲ ಅಂದರು”. ಅವರು ಹೇಳಿದ್ದು ನಿಜ. ಬವೇರಿಯಾ ಶೈಲಿಯ ಗೋಧಿ ಬಿಯರ್‌ನಲ್ಲಿ ಆ ಪರಿಮಳವನ್ನು ಹುಟ್ಟಿಸುವುದು ಯೀಸ್ಟ್. ಹುದುಗುವಾಗ ಅದು ಬಿಡುವ ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವೇ ಬಾಳೆಹಣ್ಣಿನ ಘಮಕ್ಕೂ ಕಾರಣ. ಯಾರೂ ಹೇಳಿಕೊಡದೆ ನಿಮ್ಮ ಮೂಗು ಅದನ್ನು ಹಿಡಿದಿದೆ. ಮೂವತ್ತೆರಡನೆಯದಕ್ಕೆ, “ಹಸಿರು ಬಾಟಲಿ, ಏನೋ ನಾತ, 2” ಎಂದಿದೆ. ಪಾಪ, ಬಹುಶಃ ಅದು ತಯಾರಿಸಿದವನ ತಪ್ಪಲ್ಲ. ಹಸಿರು ಗಾಜು ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಅಂಗಡಿಯ ಕಪಾಟಿನಲ್ಲಿ ಬಿಸಿಲು ಬಿದ್ದರೆ ಹಾಪ್ಸ್ ಕೆಟ್ಟು ಅಂಥ ವಾಸನೆ ಬರುತ್ತದೆ. ನೀವು ಅಂಕ ಕಳೆದದ್ದು ಅಂಗಡಿಯವನದು. (ಆಪ್ತಸಲಹೆ ಹೇಳುವವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡಿ. ನನ್ನ ತಮ್ಮನ ಮಗನಿಗೆ ಬಿಯರ್ ತಯಾರಿಸುವುದೇ ಕಸುಬು, ಹಬ್ಬದೂಟಕ್ಕೆ ಕೂತರೂ ಅದೇ ಮಾತು.)

ಈಗ ನೂರು ದಾಟಿದ ಮೇಲಿನ ಪುಟಗಳಿಗೆ ಬನ್ನಿ. “ಪರವಾಗಿಲ್ಲ, 3.” “ಓಕೆ, 3.5.” “ಹಿಂದಿನದರ ಥರಾನೇ, 3.” 131ರ ಮುಂದೆ ಬರೀ ಅಂಕ, ಒಂದಕ್ಷರವೂ ಇಲ್ಲ. 138, 139, 140, 141 ಒಂದೇ ತಾರೀಖಿನವು, ಕೈಬರಹ ಕೆಳಕೆಳಗೆ ಜಾರಿದೆ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಶುರುವಿನಲ್ಲಿ ರುಚಿಗಾಗಿ ಕುಡಿದು ಲೆಕ್ಕ ಬರೆಯುತ್ತಿದ್ದಿರಿ. ಈಗ ಲೆಕ್ಕಕ್ಕಾಗಿ ಕುಡಿಯುತ್ತಿದ್ದೀರಿ, ರುಚಿ ಹಿಂದೆ ಬಿದ್ದಿದೆ. ಒಂದೂವರೆ ವರ್ಷಕ್ಕೆ 143 ಎಂದರೆ ವಾರಕ್ಕೆ ಎರಡು ಕೂಡ ಆಗಲಿಲ್ಲ. ಉಳಿದ 57 ನಾಲ್ಕು ತಿಂಗಳಲ್ಲಿ ಮುಗಿಯಬೇಕಾದರೆ ವಾರಕ್ಕೆ ಮೂರಕ್ಕಿಂತ ಹೆಚ್ಚು ಬೇಕು. ನಿಮ್ಮ ನಾಲಿಗೆ ಕೇಳದಿದ್ದರೂ ಹುಟ್ಟುಹಬ್ಬ ಕೇಳುತ್ತಿದೆ.

ಈ ಹವ್ಯಾಸವನ್ನು ನಾನು ಹಗುರ ಮಾಡುತ್ತಿಲ್ಲ. ಬಿಯರ್ ರುಚಿ ನೋಡಿ ಬರೆಯುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಇಂಗ್ಲೆಂಡಿನ ಮೈಕೆಲ್ ಜಾಕ್ಸನ್ (ಹಾಡುಗಾರ ಅಲ್ಲ, ಅದೇ ಹೆಸರಿನ ಪತ್ರಕರ್ತ) 1977ರಲ್ಲಿ ಜಗತ್ತಿನ ಬಿಯರ್‌ಗಳ ಬಗ್ಗೆ ಒಂದು ಪುಸ್ತಕ ತಂದ. ಬಿಯರ್‌ನಲ್ಲಿ ಇಷ್ಟೊಂದು ಬಗೆಗಳಿವೆ ಎಂಬುದನ್ನು ಬಹಳ ಜನ ಅರಿತದ್ದು ಆಮೇಲೆ. ಸ್ಪರ್ಧೆಗಳಿಗೆ ತೀರ್ಪುಗಾರರನ್ನು ತಯಾರು ಮಾಡುವ ಬಿಜೆಸಿಪಿ ಎಂಬ ಸಂಸ್ಥೆ ಅಮೆರಿಕದಲ್ಲಿ 1985ರಿಂದ ಇದೆ. ಅವರ ಅಂಕಪಟ್ಟಿ 50ಕ್ಕೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ತುಂಬುವ ಅನುಭವಕ್ಕೆ 5, ಒಟ್ಟಾರೆಗೆ 10. ಗಮನಿಸಿ, ಆ ತೀರ್ಪುಗಾರರ ಮುಂದೆ ಇರುವುದು ತಳದಲ್ಲಿ ಒಂದಿಷ್ಟು ಬಿಯರ್ ಇರುವ ಪುಟ್ಟ ಲೋಟ. ಅಮೆರಿಕದ ದೊಡ್ಡ ಬಿಯರ್ ಉತ್ಸವದಲ್ಲಿ ಒಂದು ಸಲಕ್ಕೆ ಸುರಿಯುವುದು ಒಂದು ಔನ್ಸ್, ಅಂದರೆ ಸುಮಾರು 30 ಎಂಎಲ್. ಮೊದಲ ನಾಲ್ಕು ಗುಟುಕಿನಲ್ಲಿ ತಿಳಿಯದ ಯಾವ ರುಚಿಯೂ 650 ಎಂಎಲ್ ಬಾಟಲಿಯ ತಳದಲ್ಲಿ ಅಡಗಿ ಕೂತಿರುವುದಿಲ್ಲ. ನಾಲ್ಕೈದು ಬಗೆ ಆದ ಮೇಲೆ ನಾಲಿಗೆ ದಣಿಯುತ್ತದೆ, ಅಷ್ಟರಲ್ಲಿ ತಲೆಗೂ ಏರಿರುತ್ತದೆ. 141ನೆಯದಕ್ಕೆ ನೀವು ಕೊಟ್ಟ ಮೂರೂವರೆ ಅಂಕಕ್ಕೆ ಬೆಲೆ ಏನು, ನೀವೇ ಹೇಳಿ.

ಇನ್ನು ಪ್ರಮಾಣದ ಮಾತು. ನೋಟ್‌ಬುಕ್ಕಿನಲ್ಲಿ ಹೆಸರಿದೆ, ಊರಿದೆ, ಬೆಲೆ ಇದೆ, ಎಷ್ಟು ಮದ್ಯಸಾರ ಒಳಗೆ ಹೋಯಿತು ಎಂಬುದಿಲ್ಲ. ಲೆಕ್ಕ ಸುಲಭ. ಎಷ್ಟು ಎಂಎಲ್ ಎಂಬುದನ್ನು ಲೇಬಲ್ಲಿನ ಶೇಕಡಾ ಅಂಕಿಯಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಶೇ 5ರ ಒಂದು ದೊಡ್ಡ ಬಾಟಲಿಯಲ್ಲಿ 26 ಗ್ರಾಂ. ಶೇ 8ರ ಸ್ಟ್ರಾಂಗ್ ಬಾಟಲಿಯಲ್ಲಿ 41. ವಿಸ್ಕಿಯ 30 ಎಂಎಲ್ ಪೆಗ್‌ನಲ್ಲಿ ಹತ್ತಿರ ಹತ್ತಿರ 10 ಗ್ರಾಂ ಇರುತ್ತದೆ. ಹಾಗಾಗಿ “ಬರೀ ಬಿಯರ್ ತಾನೇ” ಎಂದು ಒಂದು ಸ್ಟ್ರಾಂಗ್ ಮುಗಿಸಿದವನು ನಾಲ್ಕು ಪೆಗ್ ಹಾಕಿದ ಹಾಗಾಯಿತು. ಪಬ್‌ಗಳಲ್ಲಿ ಮರದ ತಟ್ಟೆಯ ಮೇಲೆ ಆರು ಪುಟಾಣಿ ಲೋಟ ಜೋಡಿಸಿ ಕೊಡುವ ಸ್ಯಾಂಪ್ಲರ್ ನೋಡಲು ಮಕ್ಕಳಾಟದಂತೆ ಕಾಣುತ್ತದೆ. ತಲಾ 100 ಎಂಎಲ್ ಎಂದರೂ 600 ಆಯಿತು, ಒಂದು ಬಾಟಲಿಗೆ ಸ್ವಲ್ಪವೇ ಕಡಿಮೆ. ಭಾವ ತರುವ ವಿದೇಶಿ ಬಾಟಲಿಗಳಲ್ಲೂ ಅಷ್ಟೆ, ಬೆಲ್ಜಿಯಂನ ಕೆಲವು 330 ಎಂಎಲ್ ಬಾಟಲಿಗಳಲ್ಲೇ ಶೇ 9 ಇರುತ್ತದೆ. ಹಿಂದಿನ 143ಕ್ಕೂ ಈ ಕಾಲಂ ತುಂಬಿಸಿ, ವಾರವಾರದ ಮೊತ್ತ ಹಾಕಿ. ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನುವ ಅಳತೆಯನ್ನು ನಾನು ಕೊಡಲಾರೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕಡಿಮೆಯಾದಷ್ಟೂ ಅಪಾಯ ಕಡಿಮೆ, ಅಷ್ಟೆ.

ಸ್ಕೂಟರ್ ವಿಷಯವನ್ನು ನೀವು ಹೆಮ್ಮೆಯ ಧಾಟಿಯಲ್ಲಿ ಬರೆದಿದ್ದೀರಿ. ಬೇರೆಲ್ಲದರಲ್ಲೂ ನಿಮ್ಮ ಮಾತಿಗೆ ಕಿವಿಗೊಟ್ಟೇನು, ಇದರಲ್ಲಿ ಇಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಆ ಮಿತಿಯನ್ನು ದಾಟಲು ಎಷ್ಟೋ ಜನರಿಗೆ ಒಂದು ದೊಡ್ಡ ಬಾಟಲಿ ಸಾಕು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಕಟ್ಟಿ ಮರೆಯಬಹುದು, ಎದುರಿಗೆ ಬಂದವನ ಕಾಲು ಮುರಿದರೆ? ತೂರಾಡುತ್ತಿಲ್ಲ ಎಂಬುದು ಪರೀಕ್ಷೆಯೇ ಅಲ್ಲ. ಕುಡಿದು ಕುಡಿದು ರೂಢಿಯಾದವನು ತೂರಾಡುವುದು ಕಡಿಮೆಯಾಗುತ್ತದೆ, ಬ್ರೇಕ್ ಹಿಡಿಯುವ ಕೈ ಮಾತ್ರ ತಡವಾಗುತ್ತದೆ. ಇಂದಿನಿಂದಲೇ ಆಟೊ, ಮೆಟ್ರೊ.

ಅಮ್ಮನ ವಿಷಯ. ಚಿಕ್ಕಪ್ಪನನ್ನು ನೀವು ಕಂಡದ್ದು ಬಿಡುವಿನಲ್ಲಿ ಊರಿಗೆ ಹೋದಾಗ. ಅಮ್ಮನಿಗೆ ಅವರು ಮೈದುನ. ರಾತ್ರಿ ಬಾಗಿಲು ತೆಗೆದವರು, ವಾಂತಿ ಬಳಿದವರು, ಓರಗಿತ್ತಿಯ ಕಣ್ಣೀರು ಒರೆಸಿದವರು ಯಾರೆಂದು ಕೇಳಿ ನೋಡಿ. ಸಾರಾಯಿ ಮಾರಾಟ ರಾಜ್ಯದಲ್ಲಿ ನಿಂತದ್ದು 2007ರ ಜುಲೈನಲ್ಲಿ, ಅಷ್ಟರಲ್ಲಿ ಎಷ್ಟು ಮನೆಗಳು ತೊಳೆದುಹೋಗಿದ್ದವು ಎಂಬುದು ಹಳ್ಳಿಯಲ್ಲಿ ಬಾಳಿದ ಹೆಂಗಸರಿಗೆ ಗೊತ್ತು. ಅವರ ಮುಂದೆ ಏಲ್, ಲಾಗರ್, ಕ್ರಾಫ್ಟ್ ಎಂದು ಪಾಠ ಮಾಡಬೇಡಿ. ಸಾರಾಯಿಯಲ್ಲಿದ್ದದ್ದೂ ಬಿಯರ್‌ನಲ್ಲಿರುವುದೂ ಒಂದೇ ಮದ್ಯಸಾರ. ಚೀಲ ನೋಡಿ ಅವರಿಗಾದ ಗಾಬರಿಯಲ್ಲಿ ತಪ್ಪಿಲ್ಲ. ಅದರಲ್ಲೂ ಹತ್ತಿರದ ರಕ್ತಸಂಬಂಧದಲ್ಲಿ ಕುಡಿತದ ಚಟ ಇದ್ದವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ಫೋನಿನಲ್ಲಿ ಬೇಡ, ಊರಿಗೆ ಹೋಗಿ, “ಹೌದಮ್ಮ, ಕುಡೀತೀನಿ. ಇಷ್ಟು ಕುಡೀತೀನಿ” ಎಂದು ಇದ್ದದ್ದು ಇದ್ದಂತೆ ಹೇಳಿ. ಬೈಯುತ್ತಾರೆ, ಬೈಸಿಕೊಳ್ಳಿ. “ರುಚಿ ನೋಡೋದು ಅಷ್ಟೇ” ಎಂಬ ನಿಮ್ಮ ಉತ್ತರಕ್ಕಿಂತ ಅವರು ಅದನ್ನೇ ನಂಬುತ್ತಾರೆ.

ಹೆಂಡತಿಗೆ ಸಂಬಂಧಿಸಿದಂತೆ ಹೆಚ್ಚು ಹೇಳುವುದಿಲ್ಲ. ನಿಮ್ಮ ತಾರೀಖುಗಳು ಹೆಚ್ಚುಕಮ್ಮಿ ಎಲ್ಲವೂ ಶನಿವಾರದವು. ಆ ಸಂಜೆಗಳಲ್ಲಿ ಮಗು ಯಾರ ಕೈಯಲ್ಲಿತ್ತು ಎಂದು ಪತ್ರದಲ್ಲಿ ಎಲ್ಲೂ ಇಲ್ಲ.

ಚಟವೋ ಎಂದು ಕೇಳಿದ್ದೀರಿ. ವೈದ್ಯರು ಮೊದಲ ಜರಡಿಯಾಗಿ ಬಳಸುವ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಅಂತ ನಿಮಗೇ ಅನ್ನಿಸಿದೆಯೆ? ಯಾರಾದರೂ ಕುಡಿತದ ಬಗ್ಗೆ ಹೇಳಿದಾಗ ಸಿಟ್ಟು ಬಂದಿದೆಯೆ? ಕುಡಿದದ್ದಕ್ಕೆ ತಪ್ಪಿತಸ್ಥ ಭಾವ ಕಾಡಿದೆಯೆ? ಬೆಳಗ್ಗೆ ಎದ್ದ ಕೂಡಲೇ ಬೇಕೆನಿಸಿದೆಯೆ? ನಿಮ್ಮ ಪತ್ರ ಓದಿದರೆ ಎರಡನೆಯದಕ್ಕೆ ಹೌದು, ಮೂರನೆಯದಕ್ಕೂ ಬಹುಶಃ ಹೌದು. ಎರಡು ಹೌದು ಬಂದಮಾತ್ರಕ್ಕೆ ಚಟ ಅಂತಲ್ಲ. ವೈದ್ಯರು ಅಲ್ಲಿಂದ ಮುಂದೆ ವಿಚಾರಿಸುತ್ತಾರೆ. ನೀವು ಬೇಲಿಯ ಈಚೆಗೇ ಇದ್ದೀರಿ ಎಂದು ನನ್ನ ಅಂದಾಜು, ಆದರೆ ಬೇಲಿಯ ಕಡೆಗೇ ನಡೆಯುತ್ತಿದ್ದೀರಿ.

ಪಂಥವನ್ನು ಏನು ಮಾಡುವುದು? ತಾರೀಖನ್ನು ಕಿತ್ತುಹಾಕಿ, 200 ಎಂಬ ಅಂಕಿಯನ್ನೂ. ಇಷ್ಟು ದೂರ ಬಂದೆ ಎಂಬ ಕಾರಣಕ್ಕೆ ಮುಂದುವರಿಯುವವರು ಇಸ್ಪೀಟಿನ ಮೇಜಿನಲ್ಲೂ ಇರುತ್ತಾರೆ. ಸದ್ಯಕ್ಕೆ ಒಂದು ತಿಂಗಳು ಬಿಯರ್ ಪೂರ್ತಿ ನಿಲ್ಲಿಸಿ, ಅದೇ ನೋಟ್‌ಬುಕ್ಕಿನಲ್ಲಿ ಕಾಫಿಗೆ ಅಂಕ ಕೊಡಿ. ತಮಾಷೆಗೆ ಹೇಳುತ್ತಿಲ್ಲ. ನೀವು ಹಾಸನದವರು, ಸಕಲೇಶಪುರದ ತೋಟಗಳ ಕಾಫಿ ನಿಮ್ಮ ಜಿಲ್ಲೆಯದೇ. ಕಾಫಿಗೂ ರುಚಿ ನೋಡುವವರಿದ್ದಾರೆ, ಅವರ ಅಂಕ ನೂರಕ್ಕೆ, 80 ದಾಟಿದರೆ ಸ್ಪೆಷಾಲಿಟಿ ದರ್ಜೆ. ಚಮಚದಲ್ಲಿ ಎತ್ತಿ ಸೊರ್ ಎಂದು ಸದ್ದು ಮಾಡುತ್ತ ಹೀರಿ, ಬಾಯೆಲ್ಲ ಆಡಿಸಿ, ಉಗಿದುಬಿಡುತ್ತಾರೆ. ಅರೇಬಿಕಾದ ಹುಳಿ, ರೊಬಸ್ಟಾದ ಕಹಿ, ಬಿಸಿಲಲ್ಲಿ ಹಣ್ಣಿನ ಸಮೇತ ಒಣಗಿಸಿದ ಬೀಜದ ಘಮ, ತೊಳೆದು ಒಣಗಿಸಿದ್ದರ ಘಮ, ನಿಮ್ಮ ಮೂಗಿಗೆ ಕೆಲಸ ಬೇಕಾದಷ್ಟಿದೆ. ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರ ಅಂಕವನ್ನೂ ಬರೆಯಬಹುದು. (ದಿನವೂ ಹೆಚ್ಚು ಕುಡಿಯುವ ಓದುಗರು ಯಾರಾದರೂ ಇದ್ದರೆ ಹೀಗೆ ಒಮ್ಮೆಲೇ ನಿಲ್ಲಿಸಬೇಡಿ. ಕೈನಡುಕ, ಬೆವರು, ಫಿಟ್ಸ್ ಬರುವ ಸಂಭವ ಇರುತ್ತದೆ. ವೈದ್ಯರ ನಿಗಾದಲ್ಲೇ ಬಿಡಬೇಕು.)

ಆ ತಿಂಗಳು ಕಾಫಿಯ ಪುಟಗಳು ಏಳನೇ ಬಿಯರ್‌ನ ಪುಟದ ಹಾಗೆ ತುಂಬಿದರೆ ನಿಮಗೆ ಬೇಕಿದ್ದದ್ದು ರುಚಿ. ಆಮೇಲೆ ಬೇಕೆನಿಸಿದರೆ ತಿಂಗಳಿಗೊಮ್ಮೆ ಮೂವರು ಗೆಳೆಯರು ಒಂದೇ ಬಾಟಲಿ ಹಂಚಿಕೊಂಡು, ಊಟದ ಜೊತೆ, 50ರ ಅಂಕಪಟ್ಟಿ ತುಂಬಿಸಬಹುದು. ಅದಕ್ಕೆ ನನ್ನ ತಕರಾರಿಲ್ಲ. ಪುಟ ಖಾಲಿ ಉಳಿದು, ಶನಿವಾರ ಸಂಜೆಯಾದರೆ ಕಾಲು ತಾನಾಗಿ ಇಂದಿರಾನಗರದ ಕಡೆ ತಿರುಗಿದರೆ, ಅಥವಾ ಎರಡನೇ ವಾರಕ್ಕೇ “ಒಂದೇ ಒಂದು” ಎಂಬ ಚೌಕಾಸಿ ಶುರುವಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಹೋಗಿ ಮಾತಾಡಿ. ಅಲ್ಲಿ ಹಾಸಿಗೆ ಹಿಡಿದವರನ್ನು ಮಾತ್ರ ನೋಡುತ್ತಾರೆ ಎಂಬ ಸಂಕೋಚ ಬೇಡ. ಮೊದಲು ಫೋನಿನಲ್ಲಿ ಕೇಳಿ ನೋಡಬೇಕೆಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416. ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ, ಗ್ರಾಂ ಕಾಲಂ ತುಂಬಿಸಿಕೊಂಡು. ವೈದ್ಯರಿಗೆ ಇಷ್ಟು ಕರಾರುವಾಕ್ಕಾದ ದಾಖಲೆ ತಂದುಕೊಡುವವರು ಅಪರೂಪ.