ಅಪರಾಧ ವರದಿಗಾರಿಕೆ: ನದಿ ದಂಡೆಗೆ ಹೊರಡುವ ಮುನ್ನ

2021ರ ಜುಲೈನಲ್ಲಿ ಅಫ್ಗಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಯುದ್ಧದ ವರದಿಗೆ ಹೋಗಿದ್ದ ಸುದ್ದಿ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ ಹತರಾದಾಗ ಜಗತ್ತೇ ಮರುಗಿತು. ಆದರೆ ಯುದ್ಧ ವರದಿಗಾರನು ಕೆಲಸ ಮುಗಿಸಿ ಊರಿಗೆ ಮರಳಬಹುದು, ತಾಲ್ಲೂಕು ವರದಿಗಾರನಾದರೋ ಯಾರ ವಿರುದ್ಧ ಬರೆದನೋ ಅವರ ಓಣಿಯಲ್ಲಿಯೇ ಬಾಳಬೇಕು. ಕೃಷ್ಣಾ ಮತ್ತು ಭೀಮಾ ನದಿಗಳ ಮರಳು ಅಕ್ರಮವಾಗಿ ಸಾಗುವ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಈ ಅಪಾಯ ದಿನನಿತ್ಯದ್ದು. ಮಧ್ಯಪ್ರದೇಶದ ಭಿಂಡ್‌ನಲ್ಲಿ ಮರಳು ದಂಧೆಯೊಂದಿಗೆ ಪೊಲೀಸರ ನಂಟನ್ನು ಬಯಲಿಗೆಳೆದ ಪತ್ರಕರ್ತ ಸಂದೀಪ್ ಶರ್ಮಾ, ರಕ್ಷಣೆಗಾಗಿ ಲಿಖಿತವಾಗಿ ಕೋರಿದ್ದರೂ, 2018ರ ಮಾರ್ಚ್‌ನಲ್ಲಿ ಲಾರಿ ಹರಿದು ಮೃತಪಟ್ಟರು.

ಮೊದಲನೆಯ ಹೆಜ್ಜೆಯನ್ನು ಹೊರಡುವ ಮುನ್ನವೇ ಇಡಬೇಕು. ಹೋಗುವ ಜಾಗ, ಜೊತೆಗಾರ, ಮರಳುವ ಸಮಯ ಇವನ್ನು ಸಂಪಾದಕೀಯ ವಿಭಾಗದ ಒಬ್ಬರಿಗೂ ಮನೆಯವರೊಬ್ಬರಿಗೂ ತಿಳಿಸಿ, ನಿಗದಿತ ಹೊತ್ತಿಗೆ ಕರೆ ಬಾರದಿದ್ದರೆ 112ಕ್ಕೆ ಫೋನ್ ಮಾಡುವಂತೆ ಹೇಳಿಡಬೇಕು. ರಾತ್ರಿ ಒಬ್ಬರೇ ಹೋಗಬಾರದು.

ಎರಡನೆಯದು ಸ್ಥಳದಲ್ಲಿನ ನಡವಳಿಕೆ. ಬೈಕನ್ನು ಡಾಂಬರು ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಟಿಪ್ಪರ್‌ಗಳು ಹಾಯುವ ದಾರಿಯಿಂದ ದೂರ ನಿಂತು, ವಾಹನದ ನಂಬರು, ಹೊತ್ತು, ಜಾಗ ಇಷ್ಟನ್ನು ಗುರುತಿಸಿಕೊಂಡು, ತೆಗೆದ ವಿಡಿಯೊವನ್ನು ಅಲ್ಲಿಂದಲೇ ಕಚೇರಿಗೆ ಕಳುಹಿಸಬೇಕು. ಮೊಬೈಲ್ ಕಸಿದುಕೊಂಡರೂ ಸಾಕ್ಷ್ಯ ಉಳಿಯುತ್ತದೆ. ಮರಳು ತುಂಬುವ ಕೂಲಿಯವರ ಮುಖ ಚಿತ್ರದಲ್ಲಿ ಕಾಣದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ, ಏಕೆಂದರೆ ವರದಿಗಾರನ ಬೆನ್ನಿಗೆ ಪತ್ರಿಕೆಯಾದರೂ ಇರುತ್ತದೆ, ದಿನಗೂಲಿಯವನ ಬೆನ್ನಿಗೆ ಯಾರೂ ಇರುವುದಿಲ್ಲ.

ಮೂರನೆಯ ಹೆಜ್ಜೆ ಬೆದರಿಕೆಯನ್ನು ದಾಖಲಿಸುವುದು, ಹೆಚ್ಚಿನವರು ಕೈಬಿಡುವುದು ಇದನ್ನೇ. ಪರಿಚಯದವರೊಬ್ಬರು ‘ಸ್ವಲ್ಪ ನೋಡ್ಕೊಂಡು ಬರೀರಿ’ ಎಂದು ಹೇಳಿದ ಮಾತನ್ನೂ ದಿನಾಂಕ ಸಮೇತ ಬರೆದಿಟ್ಟು, ಕರೆಯ ವಿವರವನ್ನೂ ಸಂದೇಶವನ್ನೂ ಅಳಿಸದೆ ಕಾಯ್ದುಕೊಂಡು, ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಬರಿಯ ಬೆದರಿಕೆಯು ಸಾಮಾನ್ಯವಾಗಿ ಅಸಂಜ್ಞೇಯ ಅಪರಾಧ, ಅಂದರೆ ನ್ಯಾಯಾಧೀಶರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸಲಾಗದ ಅಪರಾಧ. ಹಲ್ಲೆ, ಅಪಹರಣ, ವಾಹನ ಹಾಯಿಸುವ ಯತ್ನ ನಡೆದಿದ್ದರೆ ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಆಗ ಅದು ಸಂಜ್ಞೇಯ, ಅಂದರೆ ಪೊಲೀಸರು ನೇರವಾಗಿ ತನಿಖೆ ನಡೆಸಬಹುದಾದ ಅಪರಾಧವಾಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಸಂಜ್ಞೇಯ ಅಪರಾಧದ ದೂರನ್ನು, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ, ಯಾವುದೇ ಠಾಣೆಯಲ್ಲಿ ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನಗಳೊಳಗೆ ಸಹಿ ಮಾಡಬೇಕು. ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿಯ ಪ್ರತಿ ಉಚಿತ. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಯಾದಗಿರಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಒಂದೇ ಕಡೆ ಕೊಟ್ಟ ದೂರನ್ನು ನಂಬಿ ಕೂಡಬಾರದು. ಪತ್ರಿಕೆಯ ಸಂಪಾದಕರಿಗೆ, ಪತ್ರಕರ್ತರ ಸಂಘಕ್ಕೆ, ಭಾರತೀಯ ಪತ್ರಿಕಾ ಮಂಡಳಿಗೆ ಅದರ ಪ್ರತಿ ತಲುಪಬೇಕು.

ಕೊನೆಯದು ಬರವಣಿಗೆ. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತು ಬಯಲುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ 2 ವರ್ಷದವರೆಗೆ ಸೆರೆವಾಸವಿದೆ. ಆರೋಪಿಯನ್ನು ಅಪರಾಧಿ ಎನ್ನದೆ, ಅವನ ಪ್ರತಿಕ್ರಿಯೆಯನ್ನೂ ಕೇಳಿ ಬರೆದ ವರದಿಯು ಮಾನನಷ್ಟ ಮೊಕದ್ದಮೆಯೆದುರು ಗಟ್ಟಿಯಾಗಿ ನಿಲ್ಲುತ್ತದೆ.

ಇಷ್ಟೆಲ್ಲ ಎಚ್ಚರವನ್ನು ವರದಿಗಾರನೊಬ್ಬನ ತಲೆಗೇ ಕಟ್ಟುವುದು ಅನ್ಯಾಯ. ತಾಲ್ಲೂಕು ವರದಿಗಾರರ ಸುದ್ದಿಯನ್ನು ಮುಖಪುಟದಲ್ಲಿ ಹಾಕುವ ಪತ್ರಿಕೆಗಳು ಅವರಿಗೆ ನೇಮಕಾತಿ ಪತ್ರ, ಗುರುತಿನ ಚೀಟಿ, ಅಪಘಾತ ವಿಮೆ ಮತ್ತು ವಕೀಲರ ನೆರವನ್ನು ಈ ವರ್ಷವೇ ಒದಗಿಸಬೇಕು.